ಜ್ವರಕ್ಕೆ ಕೂತ ಹುಳವನ್ನು ಕದಲಿಸಿದವರು ಯಾರು

ರೇಷ್ಮೆ ಹುಳ ಸಾಕುವ ಮನೆಗಳಲ್ಲಿ ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಬೆಳೆಯುತ್ತ ಬೆಳೆಯುತ್ತ ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟುಬಿಡುತ್ತದೆ. ತಲೆ ಎತ್ತಿಕೊಂಡು, ಜಪಕ್ಕೆ ಕೂತವರ ಹಾಗೆ, ಇದ್ದಲ್ಲೇ ಇರುತ್ತದೆ. ಆಮೇಲೆ ಹಳೇ ಚರ್ಮ ಕಳಚಿ ಹೊಸ ಚರ್ಮದಲ್ಲಿ ಎದ್ದು, ಹಿಂದೆಂದೂ ತಿಂದೇ ಇಲ್ಲವೇನೋ ಅನ್ನುವಂತೆ ತಿನ್ನುತ್ತದೆ. ಇದಕ್ಕೆ ಜ್ವರಕ್ಕೆ ಕೂರುವುದು, ಜ್ವರದಿಂದ ಏಳುವುದು ಎನ್ನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಗೊತ್ತಿರಲಿಲ್ಲ. ಹುಳಕ್ಕೆಲ್ಲ ಜ್ವರ ಬಂದಿದೆ ಎಂದು ಅತ್ತೆ ಹೇಳಿದಾಗ ಯಾರಾದರೂ ಡಾಕ್ಟರನ್ನು ಕರೆಸಬಾರದೇ ಎಂದು ಕೇಳಿದೆ. ಅವತ್ತಿನಿಂದ ನನಗೆ ಆ ಮನೆಯಲ್ಲಿ ಕಾನ್ವೆಂಟಮ್ಮ ಎಂಬ ಹೆಸರು ನಿಂತಿತು.

ಆ ಹೊತ್ತಿನಲ್ಲಿ ಪಾಲಿಸಲೇಬೇಕಾದ ಕಟ್ಟಳೆ ಒಂದೇ. ಜ್ವರಕ್ಕೆ ಕೂತ ಹುಳವನ್ನು ಮುಟ್ಟಬಾರದು. ತಟ್ಟೆ ಜರುಗಿಸಬಾರದು, ಸೊಪ್ಪು ಹಾಕಬಾರದು, ಗಟ್ಟಿಯಾಗಿ ಮಾತಾಡಲೂಬಾರದು. ಅಲುಗಾಡಿಸಿದರೆ ಹಳೇ ಚರ್ಮ ಅರ್ಧಕ್ಕೇ ಕಚ್ಚಿಕೊಂಡುಬಿಡುತ್ತದೆ. ಅಂಥ ಹುಳ ಎದ್ದಿತು ಅಂತಲೂ ಇಲ್ಲ, ಕೂತಿತು ಅಂತಲೂ ಇಲ್ಲ. ಬಿಗಿದುಕೊಂಡು, ಕುಗ್ಗಿ, ತಟ್ಟೆಯಲ್ಲೇ ಉಳಿದುಹೋಗುತ್ತದೆ. ನಮ್ಮ ಅತ್ತೆ ತವರಿನಿಂದ ತೆಲುಗಿನವರು. ಯಾರಾದರೂ ಹುಳಮನೆಯ ಹೊಸ್ತಿಲ ಹತ್ತಿರ ಹೋದರೆ ಸಾಕು, "ಕದಪೊದ್ದು" ಅನ್ನುತ್ತಿದ್ದರು. ಕದಲಿಸಬೇಡ. ಆ ಒಂದು ಮಾತು ನನ್ನ ಜೀವನದಲ್ಲಿ ಇಷ್ಟು ದೂರ ಬರುತ್ತದೆ ಎಂದು ಆಗ ಅಂದುಕೊಂಡಿರಲಿಲ್ಲ.

ನಾನು ರೈಲ್ವೆಯವರ ಮಗಳು. ನಮ್ಮಪ್ಪ ತೊಂಡೇಬಾವಿ ಸ್ಟೇಷನ್ನಿನಲ್ಲಿದ್ದರು. ನನ್ನನ್ನು ಚಿಕ್ಕಬಳ್ಳಾಪುರದ ಕಾನ್ವೆಂಟಿನಲ್ಲಿ, ಸಿಸ್ಟರ್‌ಗಳ ಕೈಕೆಳಗೆ ಬಿಟ್ಟು ಓದಿಸಿದರು. ಅಲ್ಲಿ ಕಲಿತದ್ದು ಇಂಗ್ಲಿಷು, ಕ್ರೋಷೆ, ಮತ್ತು ಯಾವ ಮಾತಿಗೂ ಪ್ರೂಫ್ ಕೇಳುವ ಅಭ್ಯಾಸ. ಮದುವೆಯಾದದ್ದು ಶಿಡ್ಲಘಟ್ಟ ತಾಲ್ಲೂಕಿಗೆ, ದಿಬ್ಬೂರಹಳ್ಳಿಯ ಕಡೆಯ ಒಂದು ಹಳ್ಳಿಗೆ. ನನ್ನ ಯಜಮಾನರೂ ನಾನೂ ಬೆಳಗ್ಗೆ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದೆವು. ಅವರಿಗೆ ಆಫೀಸು, ನನಗೆ ಇಂಗ್ಲಿಷ್ ಮೀಡಿಯಂ ಸ್ಕೂಲು. ಊರಲ್ಲಿ ಹಿಪ್ಪುನೇರಳೆ ತೋಟ, ಹುಳಮನೆ ಎಲ್ಲ ನೋಡಿಕೊಳ್ಳುತ್ತಿದ್ದವರು ಭಾವ, ಅಂದರೆ ಯಜಮಾನರ ಅಣ್ಣ, ಮತ್ತು ಅವರ ಹೆಂಡತಿ. ಆಕೆ ನನಗೆ ವಾರಗಿತ್ತಿ. ನಾನು ಅಕ್ಕ ಎನ್ನುತ್ತಿದ್ದೆ.

ಹುಳಮನೆಯ ಬೀಗದ ಕೈ ಅಕ್ಕನ ಸೊಂಟದಲ್ಲಿರುತ್ತಿತ್ತು. ಮನೆಗೆ ಅತ್ತೆ ಯಜಮಾನಿಯಾದರೂ ಹುಳಮನೆಗೆ ಅಕ್ಕನೇ. ಹೊಸ್ತಿಲ ಮೇಲೆ ನಿಂತು ಒಂದು ಸಲ ಮೂಗೆಳೆದು, ಮೂಲೆಯ ತಟ್ಟೆಯಲ್ಲಿ ಹುಳ ಕೆಟ್ಟಿದೆ ಅನ್ನುತ್ತಿದ್ದಳು. ಹೋಗಿ ನೋಡಿದರೆ ಕೆಟ್ಟಿರುತ್ತಿತ್ತು. ನನಗೋ ಆ ಮನೆಯ ವಾಸನೆ ತಡೆಯಲಾಗದೆ ಕರ್ಚೀಫಿಗೆ ಸೆಂಟು ಹಾಕಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಕೊನೆಯ ಜ್ವರ ಮುಗಿದು ಹುಳ ಹಣ್ಣಾದಾಗ ಅದರ ಮೈ ಗಾಜಿನ ಹಾಗೆ ತಿಳಿಯಾಗುತ್ತದೆ. ನೂಲು ಕಟ್ಟಲು ಜಾಗ ಹುಡುಕುತ್ತ ತಲೆಯೆತ್ತಿ ಆ ಕಡೆ ಈ ಕಡೆ ತೂಗುತ್ತದೆ. ಅಂಥವನ್ನು ಮಾತ್ರ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿದ ಚಂದ್ರಿಕೆ ಎಂಬ ತಟ್ಟಿಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಉಗುಳಿ ಹಾಳುಮಾಡುತ್ತವೆ. ಅಕ್ಕನ ಹೆಬ್ಬೆರಳು ತೋರುಬೆರಳು ಆ ದಿನ ನೋಡಬೇಕಿತ್ತು. ಸಿಸ್ಟರ್ ಒಬ್ಬರು ಪಿಯಾನೋ ನುಡಿಸುವಾಗ ನಾನು ಹಾಗೆ ಬೆರಳು ನೋಡಿದ್ದೆ, ಮತ್ತೆಲ್ಲೂ ನೋಡಿಲ್ಲ.

ಎಂಬತ್ತರ ದಶಕದ ಮಧ್ಯದಲ್ಲಿ ಅಕ್ಕ ಮಂಕಾದಳು. ಅದಕ್ಕೆ ಕಾರಣವೇ ಇರಲಿಲ್ಲ, ಅದೇ ನನ್ನನ್ನು ಕೊರೆದದ್ದು. ಬೆಳೆ ಚೆನ್ನಾಗಿತ್ತು, ಮಕ್ಕಳು ಚೆನ್ನಾಗಿದ್ದರು, ಮನೆಯಲ್ಲಿ ಸಾವು ನೋವು ಇಲ್ಲ. ಆದರೂ ಒಂದು ದಿನ ತಲೆಗೆ ಎಣ್ಣೆ ಹಾಕಿಕೊಳ್ಳುವುದನ್ನು ಬಿಟ್ಟಳು. ಆಮೇಲೆ ಊಟ ಬಿಟ್ಟಳು. ನಡುಮನೆಯ ಕಂಬಕ್ಕೆ ಒರಗಿ ಕೂತರೆ ಕೂತೇ ಇರುತ್ತಿದ್ದಳು. ಏನಾಯ್ತಕ್ಕ ಎಂದರೆ "ಏನಿಲ್ಲ ಕಣಮ್ಮ" ಎನ್ನುವುದು, ಅಷ್ಟೇ.

ಊರಲ್ಲಿ ಕೆಲವರು ಇದು ಅಂಟುತ್ತದೆ, ದೂರ ಇಡಿ ಎಂದರು. ಅತ್ತೆ ಅಂಥವರ ಬಾಯಿ ಮುಚ್ಚಿಸಿದರು. ಅವರ ತೀರ್ಮಾನ ಬೇರೆ ಇತ್ತು. ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ಕಾಯಿಲೆಯ ಗುರುತೂ ಇಲ್ಲ. ಹಾಗಾದರೆ ಇದು ಜ್ವರಕ್ಕೆ ಕೂತಿದೆ ಎಂದರು. ತಮಾಷೆಗಲ್ಲ, ನಂಬಿಯೇ ಹೇಳಿದರು. ಯಾರೂ ಮಾತಾಡಿಸಬೇಡಿ, ಬಲವಂತ ಮಾಡಬೇಡಿ, ತಾನೇ ಏಳುತ್ತಾಳೆ. ಅಕ್ಕನ ಮುಂದೆ ನಾನು ಹಾಲಿನ ಲೋಟ ಹಿಡಿದು ಕೂತರೆ ಒಲೆಯ ಕಡೆಯಿಂದ "ಕದಪೊದ್ದು" ಎಂದು ಕೇಳಿಸುತ್ತಿತ್ತು.

ಟು ಬಿ ಫ್ರಾಂಕ್, ನನಗೆ ಅದು ಖರ್ಚು ತಪ್ಪಿಸುವ ಜಾಣತನ ಎಂದೇ ಅನಿಸಿತು. ಅದಕ್ಕಿಂತ ಹೆಚ್ಚು ಅನುಮಾನ ನನಗೆ ಭಾವನ ಮೇಲಿತ್ತು. ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋದವರು ಆಗಿನ ದಿನಗಳಲ್ಲಿ ಸಂಜೆಯ ಬಸ್ಸಿಗೆ ಬರುತ್ತಿರಲಿಲ್ಲ. ಕೇಳಿದರೆ ಚಿಂತಾಮಣಿಯಲ್ಲಿ ಕೆಲಸವಿತ್ತು ಎನ್ನುವುದು, ಕಣ್ಣು ಮಾತ್ರ ಬೇರೆಲ್ಲೋ. ಹೆಂಗಸು ಸುಮ್ಮನೆ ಮಂಕಾಗುತ್ತಾಳೆಯೇ, ಗಂಡಸು ಏನೋ ಮಾಡಿರಬೇಕು. ಕೊನೆಗೆ ಗೌರಿಬಿದನೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಮ್ಮನ ಕಣ್ಣಿಗೆ ಅವರು ಬಿದ್ದರು. ಅಲೀಪುರದ ಬಸ್ಸು ಹತ್ತುತ್ತಿದ್ದರಂತೆ. ನಾನು ನೇರ ಕೇಳಿಯೇಬಿಟ್ಟೆ. ಭಾವ ಜೇಬಿನಿಂದ ಒಂದು ಹಸಿರು ದಾರ ತೆಗೆದು ತೋರಿಸಿದರು. ಅಕ್ಕನಿಗಾಗಿ ಅಲ್ಲಿಯ ಪೀರ್ ದೇವರಿಗೆ ಹರಕೆ ಹೊತ್ತಿದ್ದರು. ಅಮ್ಮನಿಗೆ ಹೇಳಬೇಡ, ಬೈತಾಳೆ ಎಂದರು. ಆ ದಾರವನ್ನು ಅಕ್ಕನ ತಲೆದಿಂಬಿನ ಕೆಳಗೆ ನಾನೇ ಇಟ್ಟೆ. ಒಂದು ಅನುಮಾನ ಹಾಗೆ ಕಳೆಯಿತು. ನನ್ನ ಅನುಮಾನಗಳಲ್ಲಿ ಪೂರ್ತಿಯಾಗಿ ಕಳೆದದ್ದು ಅದೊಂದೇ.

ಅತ್ತೆ ಚಿಂತಾಮಣಿಯ ಮದುವೆಯೊಂದಕ್ಕೆ ಹೋದ ದಿನ ನಾನು ಅಕ್ಕನನ್ನು ಎಬ್ಬಿಸಿ, ಸೀರೆ ಉಡಿಸಿ, ಶಿಡ್ಲಘಟ್ಟದಿಂದ ಸಣ್ಣ ರೈಲು ಹತ್ತಿಸಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಆ ರೈಲು ಎತ್ತಿನ ಗಾಡಿಗಿಂತ ಸ್ವಲ್ಪ ಜೋರು. ಅಕ್ಕ ದಾರಿಯುದ್ದಕ್ಕೂ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಡಾಕ್ಟರು ವಯಸ್ಸಾದವರು, ಸಾವಧಾನವಾಗಿ ಕೇಳಿದರು. ಇದಕ್ಕೆ ಡಿಪ್ರೆಶನ್ ಅಂತಾರೆ, ಮಾತ್ರೆ ಕೊಡ್ತೀನಿ, ಬೇಗ ಫಲ ಕಾಣಲ್ಲ ಎಂದರು. ನಾನು ಓದಿದ್ದ ಡಿಪ್ರೆಶನ್ ಬಂಗಾಳ ಕೊಲ್ಲಿಯ ಮೇಲೆದ್ದು ಮಳೆ ತರುತ್ತಿತ್ತು.

ಅತ್ತೆ ಬಂದ ಮೇಲೆ ಆದದ್ದನ್ನು ಬರೆಯುವುದಿಲ್ಲ. ಆದರೆ ಅಕ್ಕ ಮಾತ್ರೆ ತೆಗೆದುಕೊಂಡಳು, ನಾನು ಎದುರು ನಿಂತು ನುಂಗಿಸಿದೆ. ಸಂಕ್ರಾಂತಿ ಕಳೆದು ಕೆಲವು ದಿನಗಳಿಗೆ, ಒಂದು ಬೆಳಗ್ಗೆ, ನೀರು ಕಾದಿದೆಯಾ ಎಂದು ತಾನಾಗಿ ಕೇಳಿದಳು. ಯುಗಾದಿಯ ಹೊತ್ತಿಗೆ ಬೀಗದ ಕೈ ಮತ್ತೆ ಅವಳ ಸೊಂಟಕ್ಕೆ ಬಂತು. ನಾನು ಗೆದ್ದೆ ಅಂದುಕೊಂಡೆ. ಅತ್ತೆ ಮಾತ್ರ, "ಜ್ವರ ಮುಗೀತು, ಎದ್ಲು. ಮಾತ್ರೆ ಕೊಡದೇ ಇದ್ರೂ ಏಳ್ತಿದ್ಲು" ಎಂದರು. ವರ್ಷದ ಮೇಲೆ ಡಾಕ್ಟರೇ ಮಾತ್ರೆ ನಿಲ್ಲಿಸಿದರು. ಅಲ್ಲಿಗೆ ಆ ಕತೆ ಮುಗಿಯಿತು ಅನ್ನಿಸಿತ್ತು.

ಕೆಲವು ವರ್ಷ ಚೆನ್ನಾಗಿಯೇ ಇದ್ದಳು. ತೊಂಬತ್ತರ ದಶಕದ ಮೊದಲಿಗೆ, ಯಾವಾಗ ಅಂತ ಹೇಳಲಾರೆ, ಅಕ್ಕ ನನ್ನನ್ನು ಕಂಡು ನಗುವುದನ್ನು ಬಿಟ್ಟಳು. ಮಂಕಲ್ಲ ಇದು. ಊಟ ಮಾಡುತ್ತಿದ್ದಳು, ಕೆಲಸ ಮಾಡುತ್ತಿದ್ದಳು. ಮುಖ ಮಾತ್ರ ಗೋಡೆ. ನಾನು ಬಣ್ಣದ ಟಿವಿ ತಂದಾಗ ಎಲ್ಲರೂ ಸುತ್ತ ಸೇರಿ ಕೇಕೆ ಹಾಕಿದರೆ ಅಕ್ಕ ರೆಪ್ಪೆ ಕೂಡ ಹೊಡೆಯದೆ ನನ್ನನ್ನೇ ನೋಡಿದಳು. ಹೊಟ್ಟೆಕಿಚ್ಚು ಎಂದುಕೊಂಡೆ. ಅವಳ ಮಾತು ಸಣ್ಣಗಾಯಿತು, ಒಂದೇ ರಾಗದಲ್ಲಿ ಬರತೊಡಗಿತು. ನನ್ನ ಹತ್ತಿರ ಮಾತಾಡಲು ಇಷ್ಟವಿಲ್ಲ ಅಂದುಕೊಂಡೆ. ಯಜಮಾನರಿಗೆ ಹೇಳಿದರೆ, ನಿನಗೆ ಅನುಮಾನದ ರೋಗ ಎಂದರು. ಇರಬಹುದು. ಆದರೆ ಮನೆಯಲ್ಲಿ ಆ ರೋಗ ನನಗೊಬ್ಬಳಿಗೇ ಇರಲಿಲ್ಲ.

ಒಂದು ಬೆಳೆಯಲ್ಲಿ ಹಿಂದಿನ ಸಾಲಿನ ತಟ್ಟೆಗಳಲ್ಲಿ ಹುಳ ಕೊಳೆತವು. ಶಾಲೆಯಿಂದ ಬಂದು ಅಂಗಳಕ್ಕೆ ಕಾಲಿಟ್ಟ ನನಗೇ ವಾಸನೆ ಹೊಡೆಯಿತು. ಅಕ್ಕ ಒಳಗೆ ಅದೇ ತಟ್ಟೆಗಳ ಪಕ್ಕ ಸೊಪ್ಪು ಹಾಕುತ್ತ ನಿಂತಿದ್ದಳು. ಏನೂ ವಾಸನೆ ಇಲ್ಲವಲ್ಲ ಎಂದಳು. ಆ ಮಾತು ಕೇಳಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಹೊಸ್ತಿಲಿಂದಲೇ ಹಿಡಿಯುತ್ತಿದ್ದವಳಿಗೆ ಮೂಗಿನ ಕೆಳಗಿನದ್ದು ಗೊತ್ತಾಗಲಿಲ್ಲವೆಂದರೆ ಯಾರು ನಂಬುತ್ತಾರೆ? ಬೇಕೆಂದೇ ಬಿಟ್ಟಳು ಎಂದು ಭಾವ ಕೂಡ ಅಂದುಕೊಂಡರು. ಆ ಬೆಳೆ ಪೂರ್ತಿ ಹೋಯಿತು. ಅತ್ತೆ ಅಕ್ಕನ ಸೊಂಟದಿಂದ ಬೀಗದ ಕೈಯನ್ನು ತಾವೇ ಬಿಚ್ಚಿಕೊಂಡರು. ಅಕ್ಕ ತಡೆಯಲಿಲ್ಲ, ಅಳಲಿಲ್ಲ. ಆ ಗೋಡೆಯಂಥ ಮುಖದಿಂದ ಏನು ಓದುವುದು? ತಪ್ಪು ಒಪ್ಪಿಕೊಂಡಿದ್ದಾಳೆ ಎಂದು ಎಲ್ಲರೂ ಓದಿದರು.

ಅದಾದ ಮೇಲೆ ಬಲಗೈ ನಡುಗಲು ಶುರುವಾಯಿತು. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜುತ್ತಿದ್ದವು, ಕಾಣದ ಹುಳವನ್ನು ಆರಿಸುವ ಹಾಗೆ. ಅದರಲ್ಲೂ ಒಂದು ವಿಚಿತ್ರವಿತ್ತು. ಸುಮ್ಮನೆ ಕೂತಾಗ ನಡುಗುವ ಕೈ, ಲೋಟ ಎತ್ತಲು ಹೋದರೆ ನಿಂತುಬಿಡುತ್ತಿತ್ತು. ಇದು ಎಲ್ಲರ ಅನುಮಾನಕ್ಕೆ ಉಪ್ಪು ಖಾರ ಹಾಕಿತು. ಕೆಲಸ ಮಾಡುವಾಗ ಸರಿಯಿದ್ದು, ಬಿಡುವಾದಾಗ ನಡುಗುವುದೆಂದರೆ ಬೀಗದ ಕೈ ಹೋದ ಸಿಟ್ಟಿಗೆ ಆಡುವ ನಾಟಕ ಎಂದರು. ನಾನೂ ಒಂದು ಸಂಜೆ, ಅವಳಿಗೆ ಗೊತ್ತಾಗದ ಹಾಗೆ ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ನೋಡುವವರು ಯಾರೂ ಇಲ್ಲದಿದ್ದರೂ ಕೈ ನಡುಗುತ್ತಿತ್ತು. ಅದರ ಮೇಲೆ ಇನ್ನೊಂದು ಕೈ ಇಟ್ಟು, ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದಳು.

ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಎಂದು ನಾನು ಬಾಯಿ ತೆರೆದದ್ದೇ ತಡ, ಅತ್ತೆ ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದರು.

"ಅವಳು ಜ್ವರಕ್ಕೆ ಕೂತಿದ್ಲು. ಬ್ಯಾಡ ಅಂತ ಬಡ್ಕೊಂಡೆ. ನೀನು ಮಾತ್ರೆ ಹಾಕಿ ಕದಲಿಸಿದೆ. ಅರ್ಧ ಚರ್ಮ ಮೈಗೇ ಉಳ್ಕೊಂಡೈತೆ. ನೋಡು, ಹೆಂಗ್ ಬಿಗ್ಕೊಂಡವಳೆ. ಈಗ ಮತ್ತೆ ಎಲ್ಲಿಗೆ ಕರ್ಕೊಂಡು ಹೋಗ್ತೀಯಾ, ಕಾನ್ವೆಂಟಮ್ಮ?"

ನಾನ್‌ಸೆನ್ಸ್ ಎಂದು ಎದ್ದು ಹೋದೆ. ಹೋದೆ ಸರಿ, ಅಡಿಗೆಮನೆಯಲ್ಲಿ ನಿಂತು ಕೈ ತೊಳೆಯುವಾಗ ಆ ಮಾತು ಬೆನ್ನಿಗೇ ಬಂತು. ಬಿಗಿದುಕೊಂಡಿರುವುದು ನಿಜ. ಕಾಲು ಎಳೆದು ನಡೆಯುತ್ತಾಳೆ, ತಿರುಗಬೇಕಾದರೆ ಇಡೀ ಮೈ ಒಂದೇ ಸಲ ತಿರುಗಿಸುತ್ತಾಳೆ. ಆ ಮಾತ್ರೆಗಳಲ್ಲಿ ಏನಿತ್ತು ಎಂದು ನನಗೇನು ಗೊತ್ತು? ನಾನು ಅವಳ ಬಾಯಿಗೆ ಹಾಕಿದವಳು, ಅಷ್ಟೇ. ಚಿಕ್ಕಬಳ್ಳಾಪುರದ ಡಾಕ್ಟರು ಅಷ್ಟರಲ್ಲಿ ತೀರಿಕೊಂಡಿದ್ದರು. ಕೇಳಲು ಯಾರೂ ಇರಲಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕೊನೆಗೆ ಭಾವನೇ ಜೊತೆಗೆ ಬಂದರು. ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನವರು. ಅಕ್ಕನನ್ನು ನಡೆಸಿ ನೋಡಿದರು, ಮೊಣಕೈ ಮಡಿಸಿ ಬಿಡಿಸಿ ನೋಡಿದರು, ಬೆರಳು ತಟ್ಟಿಸಿದರು. ಪಾರ್ಕಿನ್ಸನ್ ಎಂದರು. ಆಮೇಲೆ ನಾವು ಯಾರೂ ಹೇಳದಿದ್ದ ಒಂದು ವಿಷಯ ಕೇಳಿದರು.

"ಅಮ್ಮಾ, ವಾಸನೆ ಗೊತ್ತಾಗುತ್ತಾ ನಿಮಗೆ?"

ಅಕ್ಕ ಇಲ್ಲ ಎಂದಳು. ಎಷ್ಟು ದಿನದಿಂದ ಎಂದರೆ, ಬಹಳ ದಿನದಿಂದ, ನಂಬಲ್ಲ ಯಾರೂ ಎಂದಳು. ಭಾವ ನೆಲ ನೋಡುತ್ತ ನಿಂತರು. ಈ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ಎಷ್ಟೋ ಮೊದಲೇ ಮೂಗು ಹೋಗಬಹುದಂತೆ. ಮುಖದ ಮಾಂಸಖಂಡ ಬಿಗಿಯುವುದರಿಂದ ನಗು ಹೊರಗೆ ಕಾಣುವುದಿಲ್ಲವಂತೆ, ಒಳಗೆ ಇದ್ದರೂ. ಸುಮ್ಮನಿದ್ದಾಗ ನಡುಗಿ, ಕೈ ಚಾಚಿದಾಗ ನಿಲ್ಲುವುದೇ ಇದರ ಗುರುತಂತೆ. ನಾವು ಅವಳ ಮೇಲೆ ಹೊರಿಸಿದ್ದನ್ನೆಲ್ಲ ಆ ಹುಡುಗ ಒಂದೊಂದಾಗಿ ಇಳಿಸಿಟ್ಟ.

ಉಳಿದದ್ದು ನನ್ನ ಮೇಲೆ ಹೊರಿಸಿದ್ದು. ಭಾವನನ್ನು ಔಷಧಿ ಅಂಗಡಿಗೆ ಕಳಿಸಿ ನಾನು ಇಂಗ್ಲಿಷಿನಲ್ಲಿ ಕೇಳಿದೆ, ಅಕ್ಕನಿಗೆ ಅರ್ಥವಾಗದಿರಲಿ ಎಂದು. ಹಿಂದೆ ಡಿಪ್ರೆಶನ್ನಿಗೆ ಕೊಟ್ಟ ಮಾತ್ರೆಯಿಂದ ಇದು ಬಂತೇ? ಕೆಲವು ಮಾತ್ರೆಗಳಿಂದ ನಡುಕ ಬರುವುದುಂಟು, ಆದರೆ ಅದು ಮಾತ್ರೆ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ, ಇಷ್ಟು ವರ್ಷ ಬಿಟ್ಟು ಹೊಸದಾಗಿ ಶುರುವಾಗುವುದಿಲ್ಲ ಎಂದರು. ಹಾಗಾದರೆ ಆ ಮಂಕಿಗೂ ಇದಕ್ಕೂ ಸಂಬಂಧವೇ ಇಲ್ಲವೇ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಇರಬಹುದು. ನಡುಕ ಅಂತ ಬರೋರನ್ನ ಕೇಳಿದ್ರೆ, ಎಷ್ಟೋ ವರ್ಷದ ಹಿಂದೆ ಹೀಗೆ ಮಂಕಾಗಿದ್ದೆ ಅಂತಾರೆ ಕೆಲವರು. ಆ ಮಂಕು ಇದಕ್ಕೆ ಕಾರಣವೋ, ಇದೇ ಕಾಯಿಲೆ ಮೊದಲು ಆ ವೇಷದಲ್ಲಿ ಬಂತೋ, ವಿ ಡೋಂಟ್ ನೋ ಮೇಡಂ. ಮಂಕಾದವರಿಗೆಲ್ಲ ಇದು ಬರಲ್ಲ, ಅದಂತೂ ನಿಜ."

ವಿ ಡೋಂಟ್ ನೋ. ಪ್ರೂಫ್ ಕೇಳಿದ ಕಾನ್ವೆಂಟ್ ಹುಡುಗಿಗೆ ಸಿಕ್ಕ ಉತ್ತರ. ಒಂದು ಮನಸ್ಸಿಗೆ ಸಮಾಧಾನ. ಇನ್ನೊಂದು ಮನಸ್ಸು ಬಸ್ಸಿನಲ್ಲಿ ದೇವನಹಳ್ಳಿ ದಾಟುವಷ್ಟರಲ್ಲಿ ಕೇಳಿತು, ಡಾಕ್ಟರು ಡಾಕ್ಟರನ್ನು ಬಿಟ್ಟುಕೊಡುತ್ತಾರೆಯೇ?

ಹೊಸ ಮಾತ್ರೆ ಹಳದಿ ಬಣ್ಣದ್ದು, ದಿನಕ್ಕೆ ಮೂರು ಹೊತ್ತು. ನಾನು ಶಾಲೆಯಲ್ಲಿರುವಾಗ ಅಕ್ಕನೇ ತೆಗೆದುಕೊಳ್ಳಬೇಕಿತ್ತು. ದಿನ ಕಳೆಯಿತು, ಗುಣ ಕಾಣಲಿಲ್ಲ. ನಡುಕ ಹಾಗೇ, ನಡಿಗೆ ಹಾಗೇ. ಮಾತ್ರೆ ಮಾತ್ರ ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗುತ್ತಿತ್ತು. ಅತ್ತೆಯೇ ಎತ್ತಿ ಬಿಸಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅವರು ಸ್ನಾನಕ್ಕೆ ಹೋದಾಗ ಅವರ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದೆ. ಒದ್ದೆ ತಲೆಯಲ್ಲೇ ಹಿಂದೆ ಬಂದು ನಿಂತಿದ್ದರು.

"ಏನ್ ಹುಡುಕ್ತಾ ಇದ್ದೀಯಾ? ಅಡಿಕೆ ಬೇಕಿದ್ರೆ ಕೇಳಮ್ಮ, ಕೊಡ್ತೀನಿ."

ನಾನು ಅಡಿಕೆ ಹಾಕಿದವಳೇ ಅಲ್ಲ. ಆದರೂ ಅವತ್ತು ಒಂದು ಚೂರು ಬಾಯಿಗೆ ಹಾಕಿಕೊಂಡು ಒಳಗೆ ಹೋದೆ.

ಅದೇ ಭಾನುವಾರ. ಮುಂದಿನ ಬೆಳೆಗೆಂದು ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಲು ಭಾವ ಹೇಳಿದರು. ಜಗಲಿಯ ಗೋಡೆಗೆ, ಅಕ್ಕ ಕೂರುವ ಜಾಗದ ಹಿಂದೆ, ಒರಗಿಸಿಟ್ಟಿದ್ದ ಚಂದ್ರಿಕೆಯೊಂದನ್ನು ನಾನು ಎತ್ತಿ ಅಂಗಳಕ್ಕೆ ತಂದು ಕೊಡವಿದೆ. ಬಿದಿರಿನ ಸುರುಳಿಯ ಸಂದಿನಿಂದ ಹಳದಿ ಮಾತ್ರೆಗಳು ಸುರಿದವು. ಕೋಳಿಯೊಂದು ಓಡಿಬಂದು ಕುಕ್ಕಲು ನೋಡಿತು. ನಾನು ಅದನ್ನು ಅಟ್ಟಿ, ಸೆರಗಿಗೆ ಎಲ್ಲವನ್ನೂ ಬಾಚಿಕೊಂಡು ಅಕ್ಕನ ಮುಂದೆ ಹೋಗಿ ಕೂತೆ. ಅತ್ತೆ ಒಲೆಯ ಮುಂದಿದ್ದರು. ನಾವಿಬ್ಬರೇ.

ಅಕ್ಕ ಸೆರಗಿನಲ್ಲಿದ್ದದ್ದನ್ನು ನೋಡಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ, ಇರುವುದಿಲ್ಲ ಎಂದು ಈಗ ನನಗೆ ಗೊತ್ತಿತ್ತು. ಮಾತು ತಡವಾಗಿ ಬಂತು.

"ಬೈಬ್ಯಾಡ ಕಣೇ. ಆಗ ಕೊಟ್ಟ ಮಾತ್ರೆ ಮನಸ್ಸು ಕೊಡ್ತು, ಕೈ ತಗೊಂಡ್ತು. ಈಗ ಇದು ಕೈ ಕೊಡ್ತದೆ ಅಂತೀಯಾ. ಇನ್ನೇನು ತಗೊಳ್ತದೋ ಅಂತ."

ಹಾಗಾದರೆ ಅತ್ತೆಯ ಮಾತನ್ನು ಅವಳೂ ನಂಬಿದ್ದಳು. ಇಷ್ಟು ದಿನ ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳುತ್ತ, ನನ್ನನ್ನೇ ಅನುಮಾನಿಸಿಕೊಂಡು ಕೂತಿದ್ದಳು. ನಾನು ಅವಳ ಮುಖ ಕಂಡು ಅವಳನ್ನು ಅನುಮಾನಿಸಿದ ಹಾಗೆಯೇ. ಡಾಕ್ಟರು ಹೇಳಿದ್ದನ್ನು ಮುಚ್ಚುಮರೆಯಿಲ್ಲದೆ, ಈ ಸಲ ಕನ್ನಡದಲ್ಲಿ ಹೇಳಿದೆ. ಮಾತ್ರೆಯಿಂದ ಬಂದದ್ದಲ್ಲ ಅಂತಾರೆ. ಆ ಮಂಕೇ ಇದರ ಮೊದಲ ಹೆಜ್ಜೆ ಆಗಿದ್ದಿರಬಹುದು ಅಂತಾರೆ. ಖಾತ್ರಿ ಯಾರಿಗೂ ಇಲ್ಲ ಅಂತಾರೆ. ನಾನಾಗಿದ್ದರೆ ನುಂಗುತ್ತಿದ್ದೆ ಎಂದೆ.

ಅಕ್ಕನ ಬೆರಳುಗಳು ತಮ್ಮ ಪಾಡಿಗೆ ಉಜ್ಜಿಕೊಳ್ಳುತ್ತಿದ್ದವು. ಆಮೇಲೆ, ಬೇರೆಯವರ ತೋಟದ ಸೊಪ್ಪು ತಂದರೆ ನಾವು ಏನು ಮಾಡುತ್ತೇವೆ ಎಂದು ನನ್ನನ್ನು ಕೇಳಿದಳು. ಅಷ್ಟು ನನಗೂ ಗೊತ್ತಿತ್ತು. ಅವರು ಔಷಧಿ ಹೊಡೆದಿದ್ದರೆ ಹುಳವೆಲ್ಲ ಸಾಯುತ್ತದೆ. ಅದಕ್ಕೆ ಮೊದಲು ಒಂದೇ ತಟ್ಟೆಗೆ ಹಾಕಿ ನೋಡುತ್ತಾರೆ. ಆ ಹುಳ ಚೆನ್ನಾಗಿದ್ದರೆ ಮಾತ್ರ ಉಳಿದವಕ್ಕೆ.

"ಈ ಸಲ ನಾನೇ ಆ ತಟ್ಟೆ," ಎಂದಳು. "ಒಂದು ಬೆಳೆ ನುಂಗ್ತೀನಿ, ಚಾಕಿ ಮರಿಹುಳದಿಂದ ಗೂಡಿನವರೆಗೆ. ಆದ್ರೆ ಹುಳಮನೆ ಒಳಗೆ ನಿಂತು. ಕಂಬಕ್ಕೆ ಒರಗಿ ಕೂತು ನುಂಗಿದ್ರೆ ಗುಣ ಆಯ್ತೋ ಇಲ್ವೋ ಹೆಂಗ್ ಗೊತ್ತಾಗ್ತದೆ?"

ಅಂದರೆ ಬೀಗದ ಕೈ ಬೇಕು. ಅದನ್ನು ಕೇಳಬೇಕಾದವಳು ನಾನು.

ಅತ್ತೆ ರಾಗಿಮುದ್ದೆ ತಿರುವುತ್ತಲೇ ಕೇಳಿಸಿಕೊಂಡರು. ವಾಸನೆ ಹತ್ತದವಳ ಕೈಗೆ ಬೆಳೆ ಕೊಟ್ಟು ಮತ್ತೆ ಮಣ್ಣು ತಿನ್ನಬೇಕಾ ಎಂದರು. ಅದಕ್ಕೆ ನಾನು, ಕೈ ಅವಳದ್ದು, ಮೂಗು ನನ್ನದು, ಬೆಳಗ್ಗೆ ಸಂಜೆ ನಾನು ಒಳಗೆ ಬಂದು ನೋಡುತ್ತೇನೆ ಎಂದೆ. ಅತ್ತೆ ಕೋಲು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಕರ್ಚೀಫು ಇಲ್ದೆ ಹೊಸ್ತಿಲು ದಾಟಿದ್ದೋಳಲ್ಲ ನೀನು. ನಿಂದು ಮೂಗಾ?"

ಆದರೂ ಕೊಟ್ಟರು. ನನ್ನ ಕೈಗೆ ಕೊಟ್ಟರು, ಅಕ್ಕನ ಕೈಗಲ್ಲ. ಯಾಕೆ ಒಪ್ಪಿದರು ಎಂದು ನನಗೆ ಆಗಲೂ ತಿಳಿಯಲಿಲ್ಲ. ನಾನು ಸೋಲುವುದನ್ನು ನೋಡುವ ಆಸೆ ಇತ್ತೇನೋ. ಅಥವಾ ಸೊಸೆ ಏಳಲಿ ಎಂಬ ಆಸೆ. ಎರಡೂ ಒಬ್ಬರಲ್ಲೇ ಇರಬಾರದೆಂದೇನೂ ಇಲ್ಲ.

ಆ ಬೆಳೆಯಷ್ಟು ದಿನ ನಾನು ಕರ್ಚೀಫಿಲ್ಲದೆ ಹುಳಮನೆಗೆ ಹೋದೆ. ಮೊದಮೊದಲು ಅರ್ಧಕ್ಕೇ ಹೊರಗೆ ಓಡಿಬರುತ್ತಿದ್ದೆ. ಆಮೇಲೆ ಒಳ್ಳೇ ವಾಸನೆ ಯಾವುದು, ಕೆಟ್ಟದ್ದು ಯಾವುದು ಎಂದು ಅಕ್ಕ ಬಾಯಿಮಾತಿನಲ್ಲೇ ಕಲಿಸಿದಳು. ತಾನು ಕಳೆದುಕೊಂಡದ್ದನ್ನು ಅಷ್ಟು ಚೆನ್ನಾಗಿ ವರ್ಣಿಸುತ್ತಿದ್ದಳು. ಹಸಿ ಸೊಪ್ಪಿನ ವಾಸನೆಗೆ ಮಳೆ ನಿಂತ ಮೇಲಿನ ಬೇಲಿಯ ಹಾಗೆ ಎಂದಳು. ಕೆಟ್ಟ ತಟ್ಟೆಗೆ, ಹಳಸಿದ ಅನ್ನದ ನೀರಿಗೆ ಬೆಲ್ಲ ಹಾಕಿದ ಹಾಗೆ. ಅಂಥದ್ದೊಂದನ್ನು ನಾನೇ ಹಿಡಿದೆ, ಮೂಲೆಯಲ್ಲಿ, ಒಂದೇ ತಟ್ಟೆ. ತೆಗೆದು ಹೊರಗೆ ಹಾಕಿದೆವು, ಉಳಿದವು ಉಳಿದವು. ಮಾತ್ರೆಯನ್ನು ಅವಳು ನನ್ನ ಮುಂದೆಯೇ ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದಳು. ನಾನು ಕೇಳಿರಲಿಲ್ಲ. ಆದರೂ ನೋಡುತ್ತಿದ್ದೆ.

ಹುಳ ಹಣ್ಣಾದ ದಿನ ನಾನು ಶಾಲೆಗೆ ರಜ ಹಾಕಿದೆ. ಭಾವ, ಯಜಮಾನರು, ಪಕ್ಕದ ಮನೆಯ ಹೆಂಗಸರು ಎಲ್ಲ ಸೇರಿದ್ದರು. ಅತ್ತೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು, ನೋಡಲೆಂದೇ. ಅಕ್ಕ ತಟ್ಟೆಯ ಮುಂದೆ ನಿಂತಳು. ಹುಳಗಳೆಲ್ಲ ತಲೆಯೆತ್ತಿ ತೂಗುತ್ತಿದ್ದವು. ಪಕ್ಕದಲ್ಲಿ ಇಳಿಬಿದ್ದ ಅವಳ ಕೈಯೂ ಸಣ್ಣಗೆ ತೂಗುತ್ತಿತ್ತು. ಆಮೇಲೆ ಆ ಕೈ ಎದ್ದಿತು. ಎದ್ದದ್ದೇ ನಿಶ್ಚಲವಾಯಿತು. ಒಂದು ಹುಳ ಎತ್ತಿ ಚಂದ್ರಿಕೆಗೆ ಬಿಟ್ಟಳು. ಇನ್ನೊಂದು. ಹಿಂದಿನ ವೇಗ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಪಕ್ಕದ ಮನೆಯವಳು ಒಂದು ತಟ್ಟೆ ಮುಗಿಸುವಾಗ ಅಕ್ಕ ಅರ್ಧ ಮುಗಿಸಿದ್ದಳು. ಆದರೆ ಅವಳು ಎತ್ತಿದ್ದರಲ್ಲಿ ಒಂದೂ ಕಾಯಿ ಇರಲಿಲ್ಲ, ಎಲ್ಲ ಹಣ್ಣೇ. ಒಂದು ತಿಂಗಳ ಹಿಂದೆ ಕುಪ್ಪಸದ ಗುಂಡಿ ಹಾಕಲೂ ಆಗದೆ ಸೋತಿದ್ದ ಕೈ ಅದು.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋದ ಮೇಲೆ, ಮುಂದೇನು ಅಕ್ಕ ಎಂದು ಕೇಳಿದೆ. ಇನ್ನೊಂದು ಬೆಳೆ ನೋಡಣ ಎಂದಳು. ಅದಾದ ಮೇಲೂ ಹಾಗೇ ಎಂದಳು. ಕೊನೆಯವರೆಗೂ ಒಂದೊಂದೇ ಬೆಳೆಗೆ ಒಪ್ಪಿದಳು, ಪೂರ್ತಿ ನಂಬಲಿಲ್ಲ. ಅವಳ ಅನುಮಾನವೂ ತೀರಾ ಸುಳ್ಳಾಗಲಿಲ್ಲ. ವರ್ಷಗಳು ಹೋದಂತೆ ಮಾತ್ರೆಯ ಗುಣ ಬೇಗ ಇಳಿಯುತ್ತಿತ್ತು. ಕೈಕಾಲು ತಾವೇ ಕುಣಿಯುವ ಬೇರೆ ಕಾಟ ಶುರುವಾಯಿತು. ಕೊನೆಗೆ ಮಂಚ ಹಿಡಿದಳು, ಹೋದಳು. ನಾನೂ ಈಗ ಮುದುಕಿ. ಒಂದೊಂದು ದಿನ ಕಾರಣವಿಲ್ಲದೆ ಮನಸ್ಸು ಕುಸಿದರೆ ಮೊದಲು ಕಾಫಿಪುಡಿಯ ಡಬ್ಬಿ ತೆರೆದು ಮೂಗಿಗೆ ಹಿಡಿಯುತ್ತೇನೆ. ಮಂಕಾದವರಿಗೆಲ್ಲ ಇದು ಬರುವುದಿಲ್ಲ ಎಂದು ಆ ಹುಡುಗ ಡಾಕ್ಟರು ಹೇಳಿದ್ದು ನೆನಪಿದೆ. ಆದರೂ ಹಿಡಿಯುತ್ತೇನೆ.

ಅವಳನ್ನು ನಾನು ಕದಲಿಸಿದೆನೋ, ಅವಳು ಅಷ್ಟರಲ್ಲೇ ಕದಲಿದ್ದಳೋ, ಇವತ್ತಿಗೂ ಪ್ರೂಫ್ ಇಲ್ಲ. ಡಾಕ್ಟರ ಮಾತಿನ ಪಕ್ಕ ಅತ್ತೆಯ ಮಾತೂ ಕೂತಿದೆ, ಎದ್ದು ಹೋಗುವುದಿಲ್ಲ.

ಆ ಮೊದಲ ಬೆಳೆ ಮುಗಿದ ಮಾರನೆಯ ದಿನದ್ದು ಮಾತ್ರ ಹೇಳಿ ಮುಗಿಸುತ್ತೇನೆ. ಹುಳಮನೆ ತೊಳೆಯಬೇಕಿತ್ತು. ಅತ್ತೆ ನನ್ನಿಂದ ಬೀಗದ ಕೈ ಕೇಳಿ ಪಡೆದರು, ಹೋಗಿ ಅಕ್ಕನ ಸೊಂಟಕ್ಕೆ ಸಿಕ್ಕಿಸಿದರು. ಅಕ್ಕ ಬಾಗಿಲಿಗೆ ಹೋದಳು. ನಾವು ಪೊರಕೆ, ಸುಣ್ಣದ ನೀರಿನ ಬಕೆಟ್ಟು ಹಿಡಿದು ಹಿಂದೆ ನಿಂತೆವು. ಬಿಗಿದ ಬೆರಳಲ್ಲಿ ಬೀಗದ ಕೈ ತೂತಿಗೆ ಸೇರಲಿಲ್ಲ. ಪಕ್ಕಕ್ಕೆ ಜಾರಿತು, ಮತ್ತೆ ಜಾರಿತು. ಬಕೆಟ್ಟು ಭಾರವಾಗಿ ಭಾವ ಕೈ ಬದಲಾಯಿಸಿದರು. ನನಗೆ ತಡೆಯಲಾಗಲಿಲ್ಲ. ಕೊಡಕ್ಕ ಇಲ್ಲಿ ಎಂದು ಕೈ ಚಾಚಿದೆ.

ಅಕ್ಕ ತಿರುಗಲಿಲ್ಲ. ತಿರುಗುವುದು ಅವಳಿಗೆ ದೊಡ್ಡ ಕೆಲಸ. ಬಾಗಿಲಿಗೇ ಹೇಳುವಂತೆ, ಆ ಸಣ್ಣ ಒಂದೇ ರಾಗದ ದನಿಯಲ್ಲಿ ಹೇಳಿದಳು.

"ಕದಪೊದ್ದು."

ಅತ್ತೆ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. ಎಲ್ಲರೂ ಅಂಗಳದಲ್ಲಿ ಮಾತಿಲ್ಲದೆ ನಿಂತುಕೊಂಡೆವು, ಬೀಗ ತೆರೆಯುವವರೆಗೆ.